ಕೋಶವನ್ನು ಅಳೆದದ್ದು: 240 ಮೈಕ್ರಾನಿನಿಂದ 60ಕ್ಕೆ

ನನ್ನ ಕೆನ್ನೆಯ ಒಳಪೊರೆಯ ಕೋಶವೊಂದು 240 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಗಲವಿದೆ ಎಂದು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಪ್ರಯೋಗದ ಪುಸ್ತಕಕ್ಕೆ ಬರೆದಿದ್ದೆ. ಅದು ನಿಜವಾಗಿದ್ದರೆ, ಹೆಚ್ಚುಕಡಿಮೆ ಕಾಲು ಮಿಲಿಮೀಟರ್ ಗಾತ್ರದ ಆ ಕೋಶ ಬಣ್ಣ ಹಾಕಿದ ಸ್ಲೈಡಿನ ಮೇಲೆ ಬರಿಗಣ್ಣಿಗೇ ಚುಕ್ಕೆಯಂತೆ ಕಾಣಬೇಕಿತ್ತು. ಎಣಿಕೆಯಲ್ಲಿ ತಪ್ಪಿರಲಿಲ್ಲ, ಸೂಕ್ಷ್ಮದರ್ಶಕದೊಳಗಿನ ಅಳತೆಪಟ್ಟಿಯ 24 ವಿಭಾಗಗಳನ್ನು ಸರಿಯಾಗಿಯೇ ಎಣಿಸಿದ್ದೆ. ಆದರೆ 10 ಪಟ್ಟು ಹಿಗ್ಗಿಸುವ ಆಬ್ಜೆಕ್ಟಿವ್‌ನಲ್ಲಿ, ಅಂದರೆ ಸ್ಲೈಡಿನ ಕಡೆಯ ಮಸೂರದಲ್ಲಿ, ಒಂದು ವಿಭಾಗಕ್ಕೆ ಕಂಡುಕೊಂಡ 10 ಮೈಕ್ರಾನಿನ ಬೆಲೆಯನ್ನೇ 40ರ ಆಬ್ಜೆಕ್ಟಿವ್‌ಗೂ ಹಚ್ಚಿದ್ದೆ.

ಕಣ್ಣಿಟ್ಟು ನೋಡುವ ಮಸೂರವಾದ ಐಪೀಸಿನೊಳಗೆ ಕೂರಿಸುವ ಗಾಜಿನ ಬಿಲ್ಲೆಯ ಮೇಲೆ ಗೆರೆಗಳಿರುತ್ತವೆ, ಆದರೆ ಅವುಗಳಿಗೆ ಸ್ವಂತ ಬೆಲೆಯಿಲ್ಲ. ಆಬ್ಜೆಕ್ಟಿವ್ ಬದಲಾದಾಗ ಕೋಶದ ಬಿಂಬ ಹಿಗ್ಗುತ್ತದೆ, ಬಿಲ್ಲೆಯ ಗೆರೆಗಳು ಇದ್ದಂತೆಯೇ ಇರುತ್ತವೆ. ಆದ್ದರಿಂದ 1 ಮಿಲಿಮೀಟರನ್ನು 100 ಭಾಗ ಮಾಡಿ ಗೀರಿದ ಸ್ಟೇಜ್ ಮೈಕ್ರೋಮೀಟರ್ ಎಂಬ ಗಾಜಿನ ಅಳತೆಪಟ್ಟಿಯನ್ನು ಸ್ಲೈಡಿನ ಜಾಗದಲ್ಲಿಟ್ಟು, ಪ್ರತಿಯೊಂದು ಆಬ್ಜೆಕ್ಟಿವ್‌ಗೂ ಬೇರೆಯಾಗಿ ಹೋಲಿಸಿ ನೋಡಬೇಕು. ಅದರ ಗೆರೆಗಳು ಬಹಳ ಸಣ್ಣವು. ಬೆಳಕು ಬರುವ ಕಿಂಡಿಯಾದ ಐರಿಸ್ ಡಯಾಫ್ರಮನ್ನು ಕಿರಿದು ಮಾಡುವವರೆಗೆ ನನಗೆ ಅವು ಕಾಣಿಸಿರಲೇ ಇಲ್ಲ. ಐಪೀಸನ್ನು ತಿರುಗಿಸಿ ಎರಡೂ ಅಳತೆಪಟ್ಟಿಗಳನ್ನು ಸಮಾನಾಂತರಕ್ಕೆ ತಂದು, ಎಡತುದಿಯ ಗೆರೆಗಳನ್ನು ಕೂಡಿಸಿ, ಆಮೇಲೆ ಬಲಕ್ಕೆ ಎಷ್ಟು ದೂರ ಸಾಧ್ಯವೋ ಅಷ್ಟು ದೂರದಲ್ಲಿ ಮತ್ತೆ ಕೂಡುವ ಗೆರೆಯನ್ನು ಹುಡುಕಿದೆ. 40ರಲ್ಲಿ ಐಪೀಸಿನ 80 ವಿಭಾಗಗಳು ಸ್ಟೇಜಿನ 20 ವಿಭಾಗಗಳಿಗೆ, ಅಂದರೆ 200 ಮೈಕ್ರಾನಿಗೆ ಸರಿಹೊಂದಿದವು. ಒಂದು ವಿಭಾಗಕ್ಕೆ 2.5 ಮೈಕ್ರಾನ್, ನನ್ನ ಕೆನ್ನೆಯ ಕೋಶ 60 ಮೈಕ್ರಾನಿಗೆ ಇಳಿಯಿತು.

ಈ ಬೆಲೆ ಆ ಸೂಕ್ಷ್ಮದರ್ಶಕಕ್ಕೆ, ಆ ಐಪೀಸಿಗೆ ಮಾತ್ರ ಸಲ್ಲುತ್ತದೆ. ಪಕ್ಕದ ಮೇಜಿನವರ ಅಂಕಿಯನ್ನು ಎರವಲು ಪಡೆಯುವುದು ನಮ್ಮ ಪ್ರಯೋಗಾಲಯದ ಹಳೆಯ ಚಾಳಿ.

ಹೊಸ ಬೆಲೆಯನ್ನು ಒರೆಗೆ ಹಚ್ಚಲು ರಕ್ತಲೇಪದ ಸ್ಲೈಡ್ ನೋಡಿದೆ, ಏಕೆಂದರೆ ಮನುಷ್ಯನ ಕೆಂಪು ರಕ್ತಕಣದ ವ್ಯಾಸ 7ರಿಂದ 8 ಮೈಕ್ರಾನ್ ಎಂಬುದು ಗೊತ್ತಿರುವ ವಿಷಯ. 40ರಲ್ಲಿ ಅದು ಸುಮಾರು 3 ವಿಭಾಗ ಹಿಡಿಯಿತು. ಬೆಲೆ ಸರಿಯಿದೆ ಎನ್ನಲು ಅಷ್ಟು ಸಾಕು, ಆದರೆ ಕಣವನ್ನೇ ಅಳೆಯಲು ಸಾಲದು: ಅರ್ಧ ವಿಭಾಗ ಕಣ್ತಪ್ಪಿದರೂ 1.25 ಮೈಕ್ರಾನ್ ಹೋಯಿತು. ಅದಕ್ಕೆ ಎಣ್ಣೆ ಹಾಕಿ ನೋಡುವ 100ರ ಆಬ್ಜೆಕ್ಟಿವೇ ಬೇಕು.

ಈರುಳ್ಳಿಯ ಪೊರೆಯಲ್ಲಿ ತೊಡಕು ಇದಕ್ಕೆ ವಿರುದ್ಧವಾಗಿತ್ತು. ಹೆಚ್ಚು ವರ್ಧನೆಯೆಂದರೆ ಹೆಚ್ಚು ನಿಖರವೆಂದು ನಂಬಿ 40ರಲ್ಲಿಯೇ ಅಳೆಯತೊಡಗಿದ್ದೆ; ಆದರೆ ಅಲ್ಲಿ ಐಪೀಸಿನ ಇಡೀ ಪಟ್ಟಿ ಆವರಿಸುವುದು 250 ಮೈಕ್ರಾನನ್ನು ಮಾತ್ರ, ಹಲವು ಕೋಶಗಳು ಅದಕ್ಕಿಂತ ಉದ್ದ. ಎರಡೂ ತುದಿ ಪಟ್ಟಿಯೊಳಗೆ ಸಿಕ್ಕವನ್ನಷ್ಟೇ ಬರೆದುಕೊಂಡಿದ್ದರಿಂದ ಉದ್ದನೆಯವೆಲ್ಲ ಲೆಕ್ಕದಿಂದ ಜಾರಿಹೋಗಿ, ಸರಾಸರಿ ಸುಳ್ಳೇ ತಗ್ಗಿತ್ತು. 10ರ ಆಬ್ಜೆಕ್ಟಿವ್‌ಗೆ ಮರಳಿದಾಗ ಇಡೀ ಕೋಶ ಹಾಯಾಗಿ ಹಿಡಿಸಿತು. ಅಲ್ಲಿ ಅರ್ಧ ವಿಭಾಗ ಕಣ್ತಪ್ಪಿದರೆ ಆಗುವ 5 ಮೈಕ್ರಾನಿನ ಅಸ್ಪಷ್ಟತೆ ಇಷ್ಟುದ್ದದ ಕೋಶಕ್ಕೆ ಲೆಕ್ಕಕ್ಕಿಲ್ಲ.

ಇನ್ನೊಂದು ದೋಷ ಮಾತ್ರ ಯಾವ ಗಾಜಿನದೂ ಆಗಿರಲಿಲ್ಲ. ಗೋಡೆಗಳು ನೇರವಾಗಿ, ಕೋಶಕೇಂದ್ರ ಸ್ಪಷ್ಟವಾಗಿ ಕಾಣುವ ಚೆಂದದ ಕೋಶಗಳನ್ನೇ ನನ್ನ ಕಣ್ಣು ಆರಿಸುತ್ತಿತ್ತು. ಆಮೇಲೆ ಸ್ಲೈಡನ್ನು ನೋಡದೆಯೇ ಸರಿಸಿ, ಪಟ್ಟಿಯ ನಡುಗೆರೆಯ ಕೆಳಗೆ ಬಂದು ನಿಂತ ಕೋಶ ಯಾವುದಾದರೂ ಅದನ್ನೇ ಅಳೆಯುವ ನಿಯಮ ಮಾಡಿಕೊಂಡೆ. ಹೀಗೆ ಮಾಡಿದರೆ ದೊಡ್ಡ ಕೋಶಗಳು ತುಸು ಹೆಚ್ಚಾಗಿ ಸಿಗುತ್ತವೆ ಎಂಬುದು ನಿಜ. ಆದರೂ ನನ್ನ ಅಭಿರುಚಿಗಿಂತ ಅದು ವಾಸಿ ಎನಿಸಿತು. 30 ಕೋಶಗಳ ಉದ್ದ 180ರಿಂದ 390 ಮೈಕ್ರಾನಿನವರೆಗೆ ಹರಡಿತ್ತು, ಸರಾಸರಿ 270. ಪ್ರಯೋಗದ ಪುಸ್ತಕದಲ್ಲಿ ಸರಾಸರಿಯ ಪಕ್ಕದಲ್ಲಿ ಆ ಹರವನ್ನೂ, ಬಳಸಿದ ಆಬ್ಜೆಕ್ಟಿವ್ ಯಾವುದೆಂಬುದನ್ನೂ ಬರೆದೆ; 240ರ ಹಳೆಯ ಅಂಕಿಯನ್ನು ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಎಳೆದು ಬಿಟ್ಟೆ.