ಕೆನಡಾದಲ್ಲಿ ಓದುತ್ತಿರುವ ಸಂಗಾತಿಯನ್ನು ನೋಡಿಬರಲು: ಕಲಬುರಗಿ, ಬೀದರ್, ಯಾದಗಿರಿಯವರಿಗೆ ವಿಸಿಟರ್ ವೀಸಾ ತಯಾರಿ

ಗಂಡನೋ ಹೆಂಡತಿಯೋ ಕೆನಡಾಕ್ಕೆ ಓದಲು ಹೋಗಿದ್ದಾರೆ, ಊರಲ್ಲಿ ಉಳಿದವರು ಒಮ್ಮೆ ಹೋಗಿ ನೋಡಿಬರಬೇಕು. ಅದಕ್ಕೆ ಬೇಕಾದದ್ದು ವಿಸಿಟರ್ ವೀಸಾ. ಈ ಅರ್ಜಿ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಮದುವೆಯ ಆಲ್ಬಂ, ವಾಟ್ಸಾಪ್ ಮಾತುಕತೆ ಎಲ್ಲ ಸೇರಿಸಿ "ನಾವು ನಿಜವಾದ ಗಂಡ-ಹೆಂಡತಿ" ಎಂದು ತೋರಿಸಲು ಪುಟಗಟ್ಟಲೆ ಕಳಿಸುತ್ತಾರೆ, ಮರಳಿ ಬರುತ್ತೇವೆ ಎನ್ನುವುದಕ್ಕೆ ಎರಡು ಪುಟವೂ ಇರುವುದಿಲ್ಲ. ಕೆನಡಾದ ವಲಸೆ ನಿಯಮಾವಳಿಯ 179ನೇ ನಿಯಮದಂತೆ, ಕೊಟ್ಟ ಅವಧಿ ಮುಗಿಯುವುದರೊಳಗೆ ಈ ವ್ಯಕ್ತಿ ದೇಶ ಬಿಟ್ಟು ಹೋಗುತ್ತಾರೆ ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ಸಂಗಾತಿ ಅಲ್ಲೇ ಇದ್ದಾರೆ ಎಂಬುದು ಹೋಗುವುದಕ್ಕೆ ಕಾರಣವೂ ಹೌದು, ಅಲ್ಲೇ ಉಳಿದುಬಿಟ್ಟಾರು ಎಂಬ ಅನುಮಾನಕ್ಕೆ ಕಾರಣವೂ ಹೌದು. ಆದ್ದರಿಂದ ಮದುವೆಗೆ ಒಂದು ಪ್ರಮಾಣಪತ್ರ, ನಾಲ್ಕಾರು ಫೋಟೊ ಸಾಕು. ಉಳಿದ ಶ್ರಮವೆಲ್ಲ ಊರಿನ ಕಡೆಯ ಕಾಗದಗಳ ಮೇಲೆ ಇರಲಿ.

ಮೊದಲು ಯಾವ ವೀಸಾ ಎಂದು ತೀರ್ಮಾನಿಸಿ

2025ರ ಜನವರಿ 21ರಿಂದ, ವಿದ್ಯಾರ್ಥಿಯ ಸಂಗಾತಿಗೆ ಕೊಡುವ ಓಪನ್ ವರ್ಕ್ ಪರ್ಮಿಟ್‌ಗೆ (ಯಾರ ಬಳಿಯಾದರೂ ಕೆಲಸ ಮಾಡಲು ಬಿಡುವ ಪರವಾನಗಿ) ಕಟ್ಟುನಿಟ್ಟು ಬಂದಿದೆ. ಓದುತ್ತಿರುವವರು 16 ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಮಾಸ್ಟರ್ಸ್, ಪಿಎಚ್‌ಡಿ, ಇಲ್ಲವೇ ಸರ್ಕಾರ ಪಟ್ಟಿ ಮಾಡಿದ ಕೆಲವು ವೃತ್ತಿಪರ ಕೋರ್ಸ್‌ಗಳಲ್ಲಿದ್ದರೆ ಮಾತ್ರ ಸಂಗಾತಿಗೆ ಅದು ಸಿಗುತ್ತದೆ. ಸಾಮಾನ್ಯ ಕಾಲೇಜು ಡಿಪ್ಲೊಮಾ ಓದುವವರ ಸಂಗಾತಿಗೆ ಉಳಿದಿರುವುದು ವಿಸಿಟರ್ ವೀಸಾ ಒಂದೇ. "ಮೊದಲು ವಿಸಿಟರ್ ಮೇಲೆ ಹೋಗ್ರಿ, ಅಲ್ಲಿ ಹೋಗಿ ವರ್ಕ್ ಪರ್ಮಿಟ್ ಮಾಡಿಸ್ಕೊಳ್ರಿ" ಎನ್ನುವ ಏಜೆಂಟರ ಮಾತು ನಂಬಬೇಡಿ. ವಿಸಿಟರ್ ಆಗಿ ಬಂದವರು ಒಳಗಿನಿಂದಲೇ ಕೆಲಸದ ಪರ್ಮಿಟ್‌ಗೆ ಅರ್ಜಿ ಹಾಕಲು ಕೋವಿಡ್ ಕಾಲದಲ್ಲಿ ಕೊಟ್ಟಿದ್ದ ಸವಲತ್ತು 2024ರ ಆಗಸ್ಟ್ 28ಕ್ಕೆ ನಿಂತುಹೋಗಿದೆ. ಸೂಪರ್ ವೀಸಾ ಎಂಬುದು ಅಲ್ಲಿನ ಪೌರರ, ಕಾಯಂ ನಿವಾಸಿಗಳ ತಂದೆ-ತಾಯಿ, ಅಜ್ಜ-ಅಜ್ಜಿಯರಿಗೆ; ಅದು ನಿಮ್ಮದಲ್ಲ.

ಎಷ್ಟು ದಿನ, ಯಾವಾಗ

ವಿಸಿಟರ್‌ಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಹಾಗಂತ ಅರ್ಜಿಯಲ್ಲಿ ಆರು ತಿಂಗಳು ಎಂದು ಬರೆಯುವುದು ತಪ್ಪು. ನೀವು ಕೆಲಸ ಮಾಡುವ ಶಾಲೆಯಲ್ಲಿ ಒಂದು ತಿಂಗಳ ರಜೆ ಮಂಜೂರಾಗಿದ್ದು ಅರ್ಜಿಯಲ್ಲಿ ಆರು ತಿಂಗಳು ಕೇಳಿದ್ದರೆ ಎರಡೂ ತಾಳೆಯಾಗುವುದಿಲ್ಲ. ಮೂರರಿಂದ ಐದು ವಾರ ಕೇಳಿ, ಆ ದಿನಾಂಕಕ್ಕೊಂದು ಕಾರಣ ಇರಲಿ: ಡಿಸೆಂಬರ್ ಪರೀಕ್ಷೆ ಮುಗಿದು ಜನವರಿ ಸೆಮಿಸ್ಟರ್ ಶುರುವಾಗುವ ನಡುವಿನ ರಜೆ, ಮೇ ತಿಂಗಳಿಂದ ಆಗಸ್ಟ್‌ವರೆಗಿನ ಬೇಸಿಗೆ ಬಿಡುವು, ಅಥವಾ ಘಟಿಕೋತ್ಸವ. ಫೆಬ್ರವರಿಯ ರೀಡಿಂಗ್ ವೀಕ್ (ಸೆಮಿಸ್ಟರ್ ನಡುವಿನ ಬಿಡುವು) ಒಂದೇ ವಾರ, ಅಷ್ಟಕ್ಕೆ ಅಷ್ಟು ದೂರ ಹೋಗುವುದು ದುಡ್ಡು ದಂಡ. ನಮ್ಮ ಸಲಹೆ ಮೇ-ಜೂನ್. ಕಲಬುರಗಿಯ ಬಿಸಿಲಿಗೆ ಒಗ್ಗಿದ ಮೈಗೆ ಜನವರಿಯ ಕೆನಡಾ ಬಹಳ ಕಷ್ಟ, ಚಳಿಯ ಬಟ್ಟೆಯ ಖರ್ಚೂ ಬೇರೆ.

ಹೆಸರು ಮತ್ತು ಊರಿನ ಗೊಂದಲ

ನಮ್ಮ ಭಾಗದವರಿಗೆ ಇದೊಂದು ವಿಶೇಷ ತೊಡಕು. ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಹಳೆಯ ಪಾಸ್‌ಪೋರ್ಟ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಗುಲಬರ್ಗಾ ಇರುತ್ತದೆ, ಆಧಾರ್‌ನಲ್ಲಿ ಕಲಬುರಗಿ. ಯಾದಗಿರಿಯವರಿಗೆ ಇನ್ನೂ ಒಂದು ಸುತ್ತು: ಅದು ಬೇರೆ ಜಿಲ್ಲೆಯಾದದ್ದು 2009-10ರ ಹೊತ್ತಿಗೆ, ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಜಿಲ್ಲೆ ಗುಲಬರ್ಗಾ ಎಂದೇ ಇರುತ್ತದೆ. ಅರ್ಜಿಯಲ್ಲಿ ಹುಟ್ಟಿದ ಊರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಬರೆಯಿರಿ, ಅರ್ಜಿಯ ಜೊತೆ ಇಡುವ ವಿವರಣೆ ಪತ್ರದಲ್ಲಿ ಒಂದು ಸಾಲಿನಲ್ಲಿ ಹೆಸರು ಬದಲಾದದ್ದನ್ನು ತಿಳಿಸಿ. ಮದುವೆಯ ನಂತರ ಅಡ್ಡಹೆಸರು ಬದಲಾಗಿ, ಪಾಸ್‌ಪೋರ್ಟಿನಲ್ಲಿ ತವರಿನ ಹೆಸರೇ ಉಳಿದಿದ್ದರೂ ಹಾಗೇ ಮಾಡಿ. ಪಾಸ್‌ಪೋರ್ಟ್ ತಿದ್ದಿಸಲೇಬೇಕೆಂದಿಲ್ಲ.

ಓದಲು ಹೋಗುವವರು ಕೆನಡಾಕ್ಕೆ ಹಾರಿಹೋಗುವ ಮೊದಲೇ ಮದುವೆ ನೋಂದಣಿಯನ್ನು ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಮುಗಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಒಬ್ಬರು ವಿದೇಶದಲ್ಲಿದ್ದರೆ ಸಹಿ, ಸಾಕ್ಷಿಗಳ ಕೆಲಸ ಎಳೆದಾಡುತ್ತದೆ. ನಿಕಾಹ್‌ನಾಮಾ ಉರ್ದುವಿನಲ್ಲಿದ್ದರೆ, ಪ್ರಮಾಣಪತ್ರ ಬರೀ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ಮೂಲದ ಪ್ರತಿ, ಅನುವಾದ, ಅನುವಾದಕರು ನೋಟರಿ ಎದುರು ಮಾಡಿದ ಅಫಿಡವಿಟ್, ಈ ಮೂರೂ ಒಟ್ಟಿಗಿರಬೇಕು. ಅನುವಾದ ಮಾಡುವವರು ಮನೆಯವರಾಗಿರಬಾರದು, ಅವರು ವಕೀಲರೇ ಆಗಿದ್ದರೂ ನಡೆಯುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಒಂದಿದೆ. ಓದಲು ಹೋದವರು ತಮ್ಮ ಸ್ಟಡಿ ಪರ್ಮಿಟ್ (ಓದುವ ಪರವಾನಗಿ) ಅರ್ಜಿಯಲ್ಲಿ ಏನು ಬರೆದಿದ್ದರು ಎಂದು ತೆಗೆದು ನೋಡಿ. ಮದುವೆಯಾದ ಮೇಲೆ ಅರ್ಜಿ ಹಾಕಿಯೂ ಅಲ್ಲಿ "ಅವಿವಾಹಿತ" ಎಂದಿದ್ದರೆ ಎರಡು ಕಡತಗಳು ಒಂದಕ್ಕೊಂದು ಸುಳ್ಳು ಹೇಳುತ್ತವೆ. ಸುಳ್ಳು ಮಾಹಿತಿ ಎಂದು ಸಾಬೀತಾದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ಇಂಥ ಸ್ಥಿತಿಯಲ್ಲಿ ಅರ್ಜಿ ಹಾಕುವ ಮುನ್ನವೇ ಅಲ್ಲಿನ ಪರವಾನಗಿ ಪಡೆದ ವಲಸೆ ವಕೀಲರನ್ನು ಕೇಳಿ. ಬರೀ ನಿಶ್ಚಿತಾರ್ಥ ಆಗಿದ್ದರೆ ನಿಶ್ಚಿತಾರ್ಥ ಎಂದೇ ಬರೆಯಿರಿ, ಅದಕ್ಕೂ ವೀಸಾ ಕೇಳಬಹುದು.

ಹಣದ ಕಾಗದ: ತೊಗರಿ ಮಾರಿದ ದುಡ್ಡಿಗೆ ಲೆಕ್ಕ

ವಿಸಿಟರ್ ವೀಸಾಕ್ಕೆ ಖಾತೆಯಲ್ಲಿ ಇಷ್ಟೇ ಇರಬೇಕು ಎಂದು ಗೊತ್ತುಪಡಿಸಿದ ಮೊತ್ತವಿಲ್ಲ. ನಿಮ್ಮ ಪ್ರವಾಸಕ್ಕೆ ಎಷ್ಟು ಬೇಕೋ ಅಷ್ಟು ಇದೆ, ಅದು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಇದೆ ಎಂದು ತೋರಿಸಬೇಕು. ಹೋಗಿಬರುವ ಟಿಕೆಟ್, ವಿಮೆ, ದಿನದ ಖರ್ಚು, ಕೈಯಲ್ಲೊಂದಿಷ್ಟು ಹೆಚ್ಚು, ಹೀಗೆ ಒಂದು ಪುಟದ ಲೆಕ್ಕ ಬರೆಯಿರಿ. ಅದರ ಪಕ್ಕದಲ್ಲಿ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ.

ಅರ್ಜಿಗೆ ವಾರ ಮುಂಚೆ ಮಾವನೋ ಅಣ್ಣನೋ ಐದು ಲಕ್ಷ ಹಾಕಿದರೆ ಅದು ಎದ್ದು ಕಾಣುತ್ತದೆ, ಸಾಲ ತಂದು ತೋರಿಸಿದಂತೆ ಅನಿಸುತ್ತದೆ. ಮನೆಯವರು ಖರ್ಚು ಕೊಡುವುದಿದ್ದರೆ ಅವರ ಖಾತೆಯಲ್ಲೇ ದುಡ್ಡು ಇರಲಿ. ಅವರ ಸ್ಟೇಟ್‌ಮೆಂಟ್, ಆದಾಯದ ದಾಖಲೆ, "ನಾವು ಖರ್ಚು ನೋಡಿಕೊಳ್ಳುತ್ತೇವೆ" ಎಂಬ ಪತ್ರ, ಸಂಬಂಧದ ಪುರಾವೆ ಸೇರಿಸಿದರೆ ಸಾಕು.

ಬೇಸಾಯದ ಮನೆಯವರಿಗೆ ಇಲ್ಲಿ ಬೇರೆಯದೇ ತೊಂದರೆ. ತೊಗರಿ ಬರುವುದು ಡಿಸೆಂಬರ್-ಜನವರಿಯಲ್ಲಿ, ಮಾರುವುದು ಅದರ ಹಿಂದೆಯೇ. ವರ್ಷದ ದುಡ್ಡೆಲ್ಲ ಒಂದೆರಡು ತಿಂಗಳಲ್ಲಿ ಖಾತೆಗೆ ಬೀಳುತ್ತದೆ, ಉಳಿದ ತಿಂಗಳು ಖಾತೆ ಸುಮ್ಮನಿರುತ್ತದೆ. ತಿಂಗಳ ಸಂಬಳ ನೋಡಿ ರೂಢಿಯಾದ ಅಧಿಕಾರಿಗೆ ಇದು ಅನುಮಾನದ ಜಮೆಯಂತೆ ತೋರಬಹುದು. ಅದಕ್ಕೆ ಎಪಿಎಂಸಿಯ ಅಡತಿ ಅಂಗಡಿಯ ಪಟ್ಟಿ ತೆಗೆದುಕೊಳ್ಳಿ. ಅದರಲ್ಲಿ ದಿನಾಂಕ, ತೂಕ, ದರ, ಕೈಗೆ ಬಂದ ಮೊತ್ತ ಎಲ್ಲ ಇರುತ್ತವೆ. ಆ ಮೊತ್ತ ಸ್ಟೇಟ್‌ಮೆಂಟಿನ ಯಾವ ಸಾಲಿನಲ್ಲಿದೆಯೋ ಆ ಸಾಲಿಗೆ ಗುರುತು ಹಾಕಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ತೆರಿಗೆ ರಿಟರ್ನ್ ಸಣ್ಣದಾಗಿ ಕಾಣುತ್ತದೆ ಎಂದು ವಿವರಣೆ ಪತ್ರದಲ್ಲಿ ಹೇಳಿ. ಪಹಣಿಯನ್ನು ಅನುವಾದ ಮಾಡಿಸಿ ಸೇರಿಸಿ. ಆದರೆ ಹೊಲದ ಬೆಲೆ ಎಷ್ಟೇ ಇರಲಿ, ಅದರಿಂದ ನಾಳೆ ಟಿಕೆಟ್ ಕೊಳ್ಳಲಾಗದು. ಪಹಣಿ ಊರಿನ ನಂಟಿಗೆ ಸಾಕ್ಷಿ, ಖರ್ಚಿಗೆ ಸಾಕ್ಷಿ ಬ್ಯಾಂಕಿನ ದುಡ್ಡೇ.

ವಿದ್ಯಾರ್ಥಿಯ ಪಾರ್ಟ್ ಟೈಮ್ ಸಂಬಳವನ್ನೇ ನಂಬಿ ಅರ್ಜಿ ಕಟ್ಟಬೇಡಿ. ಸೆಮಿಸ್ಟರ್ ನಡೆಯುವಾಗ ಅವರು ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆ ಮಾತ್ರ ದುಡಿಯಬಹುದು. ಅದು ಅವರ ಬಾಡಿಗೆ-ಊಟಕ್ಕೇ ಹೋಗುತ್ತದೆ ಎಂದು ಅಧಿಕಾರಿಗೂ ಗೊತ್ತು.

ಮರಳಿ ಬರುವುದಕ್ಕೆ ಆಧಾರ

ನೌಕರಿ ಇದ್ದವರಿಗೆ ರಜೆ ಮಂಜೂರಾತಿ ಪತ್ರವೇ ಮುಖ್ಯ. ಅದರಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ರಜೆ, ಯಾವತ್ತು ಕೆಲಸಕ್ಕೆ ಹಾಜರಾಗಬೇಕು ಎಂದು ಸ್ಪಷ್ಟವಾಗಿರಬೇಕು. ಸರ್ಕಾರಿ ಶಿಕ್ಷಕರು, ನೌಕರರು ವಿದೇಶಕ್ಕೆ ಹೋಗಲು ಇಲಾಖೆಯ ಪೂರ್ವಾನುಮತಿ ಪಡೆಯಬೇಕು. ಈ ಕಡತ ಮೇಜಿನಿಂದ ಮೇಜಿಗೆ ಹೋಗಲು ಸಮಯ ಹಿಡಿಯುವುದರಿಂದ ಎಲ್ಲಕ್ಕಿಂತ ಮೊದಲು ಇದನ್ನೇ ಶುರು ಮಾಡಿ. ಅಂಗಡಿ, ದಾಲ್ ಮಿಲ್ ಇದ್ದವರು ಜಿಎಸ್‌ಟಿ ನೋಂದಣಿ, ತೆರಿಗೆ ರಿಟರ್ನ್ ಕೊಟ್ಟು, ತಾವಿಲ್ಲದಾಗ ವ್ಯಾಪಾರ ಯಾರು ನೋಡಿಕೊಳ್ಳುತ್ತಾರೆ ಎಂದೂ ಬರೆಯಬೇಕು.

ಮನೆಯಲ್ಲೇ ಇರುವ ಹೆಣ್ಣುಮಕ್ಕಳ ಅರ್ಜಿ ಹೆಚ್ಚು ಕಷ್ಟದ್ದು, ಏಕೆಂದರೆ ಅವರ ದುಡಿಮೆಗೆ ಕಾಗದ ಇರುವುದಿಲ್ಲ. ಅತ್ತೆ-ಮಾವರ ಆರೈಕೆ ಅವರ ಮೇಲಿದ್ದರೆ ಅದನ್ನು ವೈದ್ಯಕೀಯ ದಾಖಲೆ ಸಮೇತ ಹೇಳಬಹುದು. ತಮ್ಮ ಹೆಸರಿನಲ್ಲಿರುವ ಹೊಲ, ಮನೆ, ಠೇವಣಿ, ನಡೆಯುತ್ತಿರುವ ಬಿ.ಇಡಿ ಅಥವಾ ಬೇರೆ ಕೋರ್ಸಿನ ಪ್ರವೇಶಪತ್ರ, ಮಗುವಿನ ಶಾಲೆಯ ಬೋನಾಫೈಡ್ ಎಲ್ಲ ಲೆಕ್ಕಕ್ಕೆ ಬರುತ್ತವೆ. ಮಗು ಜೊತೆಗೆ ಬರುವುದಾದರೆ ಅದಕ್ಕೆ ಬೇರೆಯೇ ಅರ್ಜಿ ಬೇಕು, ಅಲ್ಲಿರುವ ತಂದೆ ಅಥವಾ ತಾಯಿ ಸಹಿ ಮಾಡಿದ ಒಪ್ಪಿಗೆ ಪತ್ರವೂ ಬೇಕು.

ಆಹ್ವಾನ ಪತ್ರ

ಈ ಪತ್ರವನ್ನು ಕೆನಡಾದಲ್ಲಿ ಓದುತ್ತಿರುವ ಸಂಗಾತಿಯೇ ಬರೆಯಬೇಕು. ಇಬ್ಬರ ಪೂರ್ಣ ಹೆಸರು, ಜನ್ಮದಿನಾಂಕ, ವಿಳಾಸ, ಫೋನ್, ಸಂಬಂಧ, ಬರುವ ಕಾರಣ, ಉಳಿಯುವ ಜಾಗ, ಖರ್ಚು ಯಾರದು, ಮರಳುವ ದಿನ, ಆ ಮನೆಯಲ್ಲಿ ಒಟ್ಟು ಎಷ್ಟು ಜನ ಇದ್ದಾರೆ ಎಂಬುದೆಲ್ಲ ಬರಬೇಕು. ಪ್ರೀತಿಯ ಮಾತು ಬೇಡ, ತಾರೀಖು ಬೇಕು. ಹೀಗಿದ್ದರೆ ಸಾಕು: "ನನ್ನ ಪರೀಕ್ಷೆ ಏಪ್ರಿಲ್ 24ಕ್ಕೆ ಮುಗಿಯುತ್ತದೆ. ನನ್ನ ಪತ್ನಿ ಮೇ 3ರಂದು ಬಂದು ಮೇ 30ರಂದು ಮರಳುತ್ತಾರೆ. ಜೂನ್ 1ರಂದು ಅವರು ಕೆಲಸಕ್ಕೆ ಹಾಜರಾಗಬೇಕು, ರಜೆ ಪತ್ರ ಲಗತ್ತಿಸಿದೆ. ಈ ಮನೆಯಲ್ಲಿ ನಾವು ಮೂವರು ಬಾಡಿಗೆಗಿದ್ದೇವೆ. ನಾಲ್ಕು ವಾರ ಅತಿಥಿ ಇರಲು ಮನೆ ಮಾಲೀಕರು ಒಪ್ಪಿದ್ದಾರೆ." ಆ ಕೊನೆಯ ಸಾಲನ್ನು ಬಹಳ ಜನ ಮರೆಯುತ್ತಾರೆ. ಬೇಸ್‌ಮೆಂಟಿನಲ್ಲಿ ಒಂದು ಕೋಣೆ ಹಂಚಿಕೊಂಡಿರುವವರು ಮಾಲೀಕರ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆದು ಬಾಡಿಗೆ ಕರಾರಿನ ಜೊತೆ ಇಡಬೇಕು, ಇಲ್ಲವೇ ನಾಲ್ಕು ವಾರಕ್ಕೆ ಬೇರೆ ಕೋಣೆ ನೋಡಬೇಕು. ಪತ್ರದ ಜೊತೆಗೆ ಸ್ಟಡಿ ಪರ್ಮಿಟ್ ಪ್ರತಿ, ಕಾಲೇಜಿನ ದಾಖಲಾತಿ ಪತ್ರ, ಅಂಕಪಟ್ಟಿ, ಶುಲ್ಕ ಕಟ್ಟಿದ ರಸೀದಿ ಹೋಗಲಿ. ಓದು ಸರಿಯಾಗಿ ನಡೆಯದವರ ಆಹ್ವಾನಕ್ಕೆ ಬೆಲೆ ಕಡಿಮೆ.

ಅರ್ಜಿ, ಶುಲ್ಕ, ಬಯೋಮೆಟ್ರಿಕ್

ಅರ್ಜಿ ಕೆನಡಾ ವಲಸೆ ಇಲಾಖೆಯ ವೆಬ್‌ಸೈಟಿನಲ್ಲೇ ಹಾಕುವುದು. ಖಾತೆಯ ಇಮೇಲ್, ಪಾಸ್‌ವರ್ಡ್ ನಿಮ್ಮದೇ ಇರಲಿ. ಏಜೆಂಟರ ಇಮೇಲ್ ಹಾಕಿದರೆ ಇಲಾಖೆಯ ಪತ್ರಗಳು ಅವರಿಗೇ ಹೋಗುತ್ತವೆ, ನಿಮ್ಮ ಹೆಸರಿನಲ್ಲಿ ಅವರು ಏನು ತುಂಬಿದ್ದಾರೆ ಎಂಬುದೂ ತಿಳಿಯುವುದಿಲ್ಲ. ವೀಸಾ ಶುಲ್ಕ 100 ಕೆನಡಾ ಡಾಲರ್, ಬಯೋಮೆಟ್ರಿಕ್ (ಬೆರಳಚ್ಚು, ಫೋಟೊ) 85. ಕುಟುಂಬ ಒಟ್ಟಿಗೆ ಅರ್ಜಿ ಹಾಕಿದರೆ ಬಯೋಮೆಟ್ರಿಕ್‌ಗೆ ಗರಿಷ್ಠ 170. ಹಿಂದೆ ಕೊಟ್ಟಿದ್ದರೆ ಬಯೋಮೆಟ್ರಿಕ್ ಹತ್ತು ವರ್ಷ ನಡೆಯುತ್ತದೆ. ಅಂತಾರಾಷ್ಟ್ರೀಯ ಪಾವತಿ ಚಾಲೂ ಇರುವ ಕಾರ್ಡ್ ಬೇಕು.

ಒಂದೊಂದು ಫೈಲ್ 4 ಎಂಬಿ ಮೀರಬಾರದು. ಸ್ಟೇಟ್‌ಮೆಂಟುಗಳನ್ನು ಒಂದು ಪಿಡಿಎಫ್ ಮಾಡಿ, ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಗಾತ್ರ ಇಳಿಯುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಕುಗ್ಗಿಸಿದ ಮೇಲೆ ಅಂಕಿಗಳು ಓದಲು ಬರುತ್ತವೆಯೇ ಎಂದು ಅಲ್ಲೇ ನಿಂತು ನೋಡಿ. ಫೋಟೊ 35 ಗುಣಿಸು 45 ಮಿ.ಮೀ., ಗಲ್ಲದಿಂದ ನೆತ್ತಿಯವರೆಗೆ 31ರಿಂದ 36 ಮಿ.ಮೀ. ಇರಬೇಕು, ಮುಖ ಬೆಳ್ಳಗೆ ಮಾಡಬೇಡಿ ಎಂದು ಸ್ಟುಡಿಯೊದವರಿಗೆ ಮೊದಲೇ ಹೇಳಿ. ಹಿಂದೆ ಯಾವುದೇ ದೇಶ ವೀಸಾ ನಿರಾಕರಿಸಿದ್ದರೆ "ಹೌದು" ಎಂದೇ ಉತ್ತರಿಸಿ, ಅದು ಅಮೆರಿಕದ್ದಾದರೂ ಸರಿ.

ಶುಲ್ಕ ಕಟ್ಟಿದ ಮೇಲೆ ಬರುವ ಬಯೋಮೆಟ್ರಿಕ್ ಪತ್ರದ ದಿನದಿಂದ 30 ದಿನದೊಳಗೆ ಬೆರಳಚ್ಚು ಕೊಡಬೇಕು. ಬೆರಳಚ್ಚು ತೆಗೆದುಕೊಳ್ಳುವ ವಿಎಫ್‌ಎಸ್ (ವೀಸಾ ಅರ್ಜಿ) ಕೇಂದ್ರ ಬೆಂಗಳೂರಿನಲ್ಲೂ ಇದೆ, ಆದರೆ ನಮ್ಮ ಮೂರೂ ಜಿಲ್ಲೆಗೆ ಹೈದರಾಬಾದೇ ಹತ್ತಿರ. ರಾಜ್ಯ ಬೇರೆ ಎಂದು ತಡೆಯುವುದಿಲ್ಲ. ಸ್ಲಾಟ್ ಬುಕ್ ಮಾಡಿ, ಮೂಲ ಪಾಸ್‌ಪೋರ್ಟ್ ಮತ್ತು ಆ ಪತ್ರ ಒಯ್ಯಿರಿ. ಬೆರಳ ತುದಿಗೆ ಮೆಹಂದಿ ಅಥವಾ ಗಾಯ ಇದ್ದರೆ ಅಚ್ಚು ಸರಿಯಾಗಿ ಬೀಳದೆ ಹೋಗಬಹುದು. ಮನೆಯಲ್ಲಿ ಮದುವೆ ಇದ್ದರೆ ಮೆಹಂದಿ ಹಚ್ಚಿಕೊಳ್ಳುವ ಮುಂಚೆಯೇ ಹೋಗಿಬನ್ನಿ. ವೀಸಾ ಬರುವ ತನಕ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ, ಅರ್ಜಿಗೆ ಅಂದಾಜು ಪ್ರಯಾಣ ಪಟ್ಟಿ ಸಾಕು.

ನಿರಾಕರಣೆ ಬಂದರೆ ಅದೇ ಕಾಗದಗಳನ್ನು ಮರುವಾರ ಮತ್ತೆ ಕಳಿಸಿ ದುಡ್ಡು ಕಳೆಯಬೇಡಿ. ಪತ್ರದಲ್ಲಿನ ಕಾರಣ ಬಹಳ ಸಲ ಅಚ್ಚು ಹಾಕಿದ ಸಾಲು ಮಾತ್ರ. ಅಧಿಕಾರಿಯ ಟಿಪ್ಪಣಿ ಪತ್ರದ ಜೊತೆ ಬಂದಿರದಿದ್ದರೆ, ಕೆನಡಾದಲ್ಲಿರುವ ಸಂಗಾತಿ ನಿಮ್ಮ ಒಪ್ಪಿಗೆ ಪತ್ರ ಇಟ್ಟುಕೊಂಡು 5 ಡಾಲರ್ ಕಟ್ಟಿ ಮಾಹಿತಿ ಹಕ್ಕಿನಡಿ ತರಿಸಬಹುದು. ಅದು ಓದಿದ ಮೇಲೆ ಯಾವ ಕಾಗದ ಕಡಿಮೆ ಬಿತ್ತೋ ಅದನ್ನು ತುಂಬಿ ಹೊಸ ಅರ್ಜಿ ಹಾಕಿ.

ಹೊರಡುವಾಗ, ಇಳಿಯುವಾಗ

ಪ್ರವಾಸ ವಿಮೆ ಕಡ್ಡಾಯವಲ್ಲ, ಆದರೆ ವಿಮೆ ಇಲ್ಲದೆ ಹೋಗಬೇಡಿ. ವಿಸಿಟರ್‌ಗೆ ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆ ಅನ್ವಯಿಸುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಮುಚ್ಚಿಡದೆ ಹೇಳಿ ಪಾಲಿಸಿ ತೆಗೆದುಕೊಳ್ಳಿ.

ಆಹ್ವಾನ ಪತ್ರ, ರಜೆ ಪತ್ರ, ಮರಳುವ ಟಿಕೆಟ್, ವಿಮೆ ಇವುಗಳ ಪ್ರತಿ ಕೈಚೀಲದಲ್ಲಿರಲಿ; ಗಡಿಯ ಅಧಿಕಾರಿ ಕೇಳುವ ಹೊತ್ತಿಗೆ ಸೂಟ್‌ಕೇಸ್ ಕೈಗೆ ಬಂದಿರುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಒಯ್ಯುವವರು ತಿನ್ನುವ ಪದಾರ್ಥ ಇದೆಯೇ ಎಂಬ ಪ್ರಶ್ನೆಗೆ "ಹೌದು" ಎನ್ನಬೇಕು. ಹೇಳಿದ ಮೇಲೆ ಬೇಡವೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಹೇಳದೆ ಸಿಕ್ಕರೆ ದಂಡ 1,300 ಡಾಲರ್‌ವರೆಗೆ ಬೀಳಬಹುದು. ಹಸಿ ತರಕಾರಿ, ಮಾವಿನಹಣ್ಣು, ಬೀಜ, ಮಾಂಸದ ಪದಾರ್ಥ ಊರಲ್ಲೇ ಬಿಡಿ.

ಅಧಿಕಾರಿ ಪಾಸ್‌ಪೋರ್ಟಿನಲ್ಲಿ ದಿನಾಂಕ ಬರೆದಿದ್ದರೆ ಅಲ್ಲಿಯವರೆಗೆ, ಬರೆಯದಿದ್ದರೆ ಒಳಬಂದ ದಿನದಿಂದ ಆರು ತಿಂಗಳು ಇರಬಹುದು. ವೀಸಾದ ಮೇಲಿನ ಕೊನೆಯ ದಿನಾಂಕ ಒಳಬರಲು ಇರುವ ಗಡುವು, ಇರುವುದಕ್ಕಲ್ಲ. ಅಲ್ಲಿ ಅಂಗಡಿಯಲ್ಲೋ ಹೋಟೆಲಿನಲ್ಲೋ ಕೈದುಡ್ಡಿಗೂ ಕೆಲಸ ಮಾಡುವಂತಿಲ್ಲ. ಬೆಂಗಳೂರು, ಹೈದರಾಬಾದಿನ ಕಂಪನಿಗೆ ಲ್ಯಾಪ್‌ಟಾಪಿನಲ್ಲಿ ದೂರದಿಂದಲೇ ಕೆಲಸ ಮಾಡುವವರು ಅದನ್ನು ಮುಂದುವರಿಸಬಹುದು. ತುರ್ತು ಕಾರಣಕ್ಕೆ ಹೆಚ್ಚು ದಿನ ಇರಬೇಕಾಗಿ ಬಂದರೆ ಅವಧಿ ಮುಗಿಯುವ 30 ದಿನ ಮೊದಲೇ 100 ಡಾಲರ್ ಕಟ್ಟಿ ವಿಸಿಟರ್ ರೆಕಾರ್ಡ್‌ಗೆ (ಇರುವ ಅವಧಿ ಮುಂದುವರಿಸುವ ದಾಖಲೆ) ಅರ್ಜಿ ಹಾಕಿ. ವಿಮಾನದಲ್ಲಿ ಹೊರಟವರ ನಿರ್ಗಮನದ ದಿನವೂ ಅಲ್ಲಿನ ಸರ್ಕಾರದಲ್ಲಿ ದಾಖಲಾಗುತ್ತದೆ. ಮರಳಿದ ಮೇಲೆ ಬೋರ್ಡಿಂಗ್ ಪಾಸ್ ಮತ್ತು ಭಾರತದ ಆಗಮನ ಮುದ್ರೆಯ ಪುಟ ಸ್ಕ್ಯಾನ್ ಮಾಡಿಡಿ, ಮುಂದಿನ ಸಲದ ಅರ್ಜಿಗೆ ಅವನ್ನು ಲಗತ್ತಿಸಬಹುದು.