ಟೆರಾಬೈಟ್ ಆದಮೇಲೆ ಏನು? ದೊಡ್ಡ ಡೇಟಾ ಲೆಕ್ಕ ಹಿಡಿಯುವುದು ಹೀಗೆ

ಪೆಟಾಬೈಟ್, ಎಕ್ಸಾಬೈಟ್ ಅಂತ ಓದಿದಾಗ 'ಏನೋ ತುಂಬಾ ದೊಡ್ಡದು' ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ, ಅಲ್ವಾ? ಆದರೆ ಟೆರಾಬೈಟಿಗಿಂತ ಎಕ್ಸಾಬೈಟ್ ಹತ್ತು ಲಕ್ಷ ಪಟ್ಟು ದೊಡ್ಡದು. ಒಂದು ಹಾಳೆ, ಪೆನ್ನು ತೆಗೆದುಕೊಂಡು ಕೂತರೆ ಇದು ಖಂಡಿತ ಅರ್ಥವಾಗುತ್ತದೆ.

ಮೊದಲು ಬೈಟ್. ಬಿಟ್ ಅಂದರೆ ಒಂದು 0 ಅಥವಾ 1. ಅಂಥ 8 ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಅಷ್ಟು ಸಾಕು, ಕನ್ನಡಕ್ಕೆ ಸಾಲದು. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿಯಾದ ಯುಟಿಎಫ್-8ರಲ್ಲಿ 'ಕನ್ನಡ' ಅಂತ ಬರೆದರೆ ಕ, ನ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ, ಮತ್ತೊಂದು ನ, ಕೊನೆಗೆ ಡ. ಒಂದೊಂದಕ್ಕೂ 3 ಬೈಟ್. ಒಟ್ಟು 15.

ಈಗ ಮೆಟ್ಟಿಲು ಹತ್ತಿ: ಕಿಲೋ, ಮೆಗಾ, ಗಿಗಾ, ಟೆರಾ, ಪೆಟಾ, ಎಕ್ಸಾ, ಜೆಟ್ಟಾ, ಯೊಟ್ಟಾ. ಪ್ರತಿ ಮೆಟ್ಟಿಲಿಗೂ 1000 ಪಟ್ಟು. ಗಿಗಾ ಅಂದ್ರೆ ನೂರು ಕೋಟಿ, ಟೆರಾ ಅಂದ್ರೆ ಲಕ್ಷ ಕೋಟಿ. 2022ರಲ್ಲಿ ಇವುಗಳ ಮೇಲೆ ರೊನ್ನಾ, ಕ್ವೆಟ್ಟಾ ಕೂಡ ಅಧಿಕೃತವಾಗಿ ಸೇರಿದವು. ಅಲ್ಲಲ್ಲಿ ಕಾಣುವ 'ಬ್ರಾಂಟೊಬೈಟ್'ಗೆ ಮಾನ್ಯತೆ ಇಲ್ಲ.

ಸುಮ್ನೆ ಸೊನ್ನೆ ಎಣಿಸಿದರೆ ಗಾತ್ರ ತಲೆಗೆ ಇಳಿಯುವುದಿಲ್ಲ. ಅದನ್ನು ಕಾಲಕ್ಕೆ ಬದಲಾಯಿಸಿ. ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ. ಸೆಕೆಂಡಿಗೆ ಒಂದು ಬೈಟ್ ಎಣಿಸುತ್ತಾ ಕೂತಿದ್ದೀರಿ ಅಂದುಕೊಳ್ಳಿ. ಕಿಲೋಬೈಟ್ 17 ನಿಮಿಷದೊಳಗೆ ಮುಗಿಯುತ್ತದೆ. ಮೆಗಾಬೈಟಿಗೆ ಹನ್ನೊಂದೂವರೆ ದಿನ. ಗಿಗಾಬೈಟಿಗೆ ಸುಮಾರು 32 ವರ್ಷ, ಅರ್ಧ ಆಯಸ್ಸು ಅಲ್ಲೇ ಕಳೆಯಿತು. ಟೆರಾಬೈಟಿಗೆ ಸುಮಾರು 31,700 ವರ್ಷ. ಪೆಟಾಬೈಟಿಗೆ 3 ಕೋಟಿ ವರ್ಷಕ್ಕೂ ಜಾಸ್ತಿ. ಎಕ್ಸಾಬೈಟ್? ಸುಮಾರು 3,170 ಕೋಟಿ ವರ್ಷ. ಬ್ರಹ್ಮಾಂಡದ ವಯಸ್ಸೇ ಸುಮಾರು 1,380 ಕೋಟಿ ವರ್ಷ!

ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. 1 ಟೆರಾಬೈಟ್ ಅಂತ ಬರೆದ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ 931 ಜಿಬಿ ಅಂತ ತೋರಿಸುತ್ತದೆ. ಜಾಗ ಕಳೆದಿಲ್ಲ. ಡಿಸ್ಕ್ ತಯಾರಿಸುವವರ ಲೆಕ್ಕ 1000ದ್ದು, ವಿಂಡೋಸ್ ಲೆಕ್ಕ 1024ರದ್ದು. ಲಕ್ಷ ಕೋಟಿಯನ್ನು ಮೂರು ಸಲ 1024ರಿಂದ ಭಾಗಿಸಿ ನೋಡಿ, ಅದೇ 931 ಬರುತ್ತದೆ. ಕಿಲೋದಲ್ಲಿ ಈ ವ್ಯತ್ಯಾಸ ಶೇ 2.4 ಮಾತ್ರ, ಯೊಟ್ಟಾ ತಲುಪುವಾಗ ಶೇ 20 ದಾಟಿರುತ್ತದೆ. 1024ರ ಲೆಕ್ಕಕ್ಕೆಂದೇ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳಿವೆ. ಬಳಸುವವರು ಕಡಿಮೆ.

ಕೊನೆಗೆ ವೇಗದ ಲೆಕ್ಕ. ಇಂಟರ್ನೆಟ್ ವೇಗವನ್ನು ಹೇಳುವುದು ಬಿಟ್‌ನಲ್ಲಿ, ಹಾಗಾಗಿ 8ರಿಂದ ಭಾಗಿಸಿ. ಸೆಕೆಂಡಿಗೆ 1 ಗಿಗಾಬಿಟ್ ಅಂದರೆ 125 ಮೆಗಾಬೈಟ್. ಆ ವೇಗ ಒಂದು ಕ್ಷಣವೂ ಕುಗ್ಗದಿದ್ದರೂ ಒಂದು ಪೆಟಾಬೈಟ್ ಇಳಿಯಲು 92 ದಿನಕ್ಕೂ ಜಾಸ್ತಿ ಬೇಕು.