ಗಾರ್ಡೇನಿಯಾ ಎಲೆ ಹಳದಿಯಾಯ್ತಾ? ಗೊಬ್ಬರ ಹಾಕುವ ಮೊದಲು ಇಷ್ಟು ನೋಡಿ

ನರ್ಸರಿಯಿಂದ ತರುವಾಗ ಗಾರ್ಡೇನಿಯಾ ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುತ್ತಿರುತ್ತದೆ. ಮನೆಗೆ ಬಂದು ಕೆಲವು ತಿಂಗಳಾದರೆ ಎಲೆ ಹಳದಿ, ಮೊಗ್ಗು ನೆಲಕ್ಕೆ. ಗಾಬರಿಯಲ್ಲಿ ನಾವು ಮೊಟ್ಟೆ ಸಿಪ್ಪೆ, ಒಲೆ ಬೂದಿ, ಒಂದು ಹಿಡಿ ಗೊಬ್ಬರ ಎಲ್ಲವನ್ನೂ ಕುಂಡಕ್ಕೆ ಸುರಿಯುತ್ತೇವೆ. ಈ ಗಿಡಕ್ಕೆ ಬೂದಿ, ಮೊಟ್ಟೆ ಸಿಪ್ಪೆ ಎರಡೂ ಆಗಿಬರುವುದಿಲ್ಲ. ಮೊದಲು ಎಲೆ ನೋಡಿ. ಹಳದಿಯಾಗಿರುವುದು ತುದಿಯ ಚಿಗುರೋ, ಬುಡದ ಹಳೆ ಎಲೆಯೋ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಚಿಗುರು ಹಳದಿ, ನರ ಹಸಿರು

ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆ ಎಳೆದಂತೆ ಕಂಡರೆ ಅದು ಕಬ್ಬಿಣದ ಕೊರತೆ. ನಮ್ಮ ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದಿಂದ, ಅಲ್ವಾ? ಹಾಗಿದ್ದೂ ಗಿಡಕ್ಕೆ ಅದು ಸಿಗುವುದಿಲ್ಲ. ಗಾರ್ಡೇನಿಯಾ ಹುಳಿ ಮಣ್ಣಿನ ಗಿಡ, ಪಿಎಚ್ (ಹುಳಿಯ ಅಳತೆ; ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) 5ರಿಂದ 6ರ ಆಸುಪಾಸು ಇರಬೇಕು. ಬೆಂಗಳೂರಿನಂಥ ಊರುಗಳಲ್ಲಿ ದಿನಾ ಗಡಸು ಬೋರ್‌ವೆಲ್ ನೀರು ಹಾಕಿದರೆ ಮಣ್ಣಿನ ಹುಳಿ ಸತ್ತುಹೋಗುತ್ತದೆ. ಆಗ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಎಟುಕುವ ರೂಪದಲ್ಲಿ ಇರುವುದಿಲ್ಲ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದೆಯಾ ನೋಡಿ. ಸಿಮೆಂಟ್ ಕುಂಡ, ಹೊಸದಾಗಿ ಗಾರೆ ಮಾಡಿದ ಗೋಡೆಯ ಬುಡ, ಇವೂ ಇದೇ ತೊಂದರೆ ಕೊಡುತ್ತವೆ. ಇದೇ ಕುಟುಂಬದ ಕೇಪಳವೂ ಅಲ್ಲೇ ಹಳದಿಯಾಗಿ ನಿಂತಿದ್ದರೆ ಅನುಮಾನವೇ ಬೇಡ.

ಮೊದಲು ನೀರು ಬದಲಿಸಿ. ಮಳೆ ನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನಂತೂ ಹಾಕಲೇಬೇಡಿ, ಅದರಲ್ಲಿ ಲವಣ ಇನ್ನೂ ಜಾಸ್ತಿ. ತಕ್ಷಣದ ಉಪಚಾರಕ್ಕೆ ಒಂದು ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ), ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ನೆಲದ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕುಂಡವನ್ನು ಆಚೆ ಸರಿಸಿಕೊಳ್ಳಿ. ಮಣ್ಣಿಗೆ ಹಾಕುವುದಾದರೆ ಅನ್ನಭೇದಿ ಬೇಗ ಮಣ್ಣಿನಲ್ಲೇ ಕಟ್ಟಿಹೋಗಿ ಬೇರಿಗೆ ಸಿಗದಂತಾಗುತ್ತದೆ. ಗೊಬ್ಬರದಂಗಡಿಯಲ್ಲಿ ಇಡಿಡಿಎಚ್‌ಎ ರೂಪದ ಚಿಲೇಟೆಡ್ ಐರನ್ (ಬೇರಿಗೆ ಸಿಗುವ ರೂಪದಲ್ಲೇ ಹಿಡಿದಿಟ್ಟ ಕಬ್ಬಿಣ) ಕೇಳಿ; ಗಡಸು ನೀರಿನ ಮಣ್ಣಿನಲ್ಲೂ ಕೆಲಸ ಮಾಡುವುದು ಅದು. ಬಳಸಿದ ಕಾಫಿ ಚರಟದಿಂದ ಮಣ್ಣು ಹುಳಿಯಾಗುತ್ತದೆ ಅನ್ನುವ ಮಾತನ್ನು ನಂಬಿ ಕೂರಬೇಡಿ. ಹುಳಿಯೆಲ್ಲಾ ಹೆಚ್ಚುಕಡಿಮೆ ಡಿಕಾಕ್ಷನ್‌ನಲ್ಲೇ ಹೋಗಿರುತ್ತದೆ.

ಗುಣ ಕಾಣುವುದು ಮುಂದಿನ ಚಿಗುರಿನಲ್ಲಿ. ಪೂರ್ತಿ ಬಿಳಚಿದ ಎಲೆ ಮತ್ತೆ ಹಸಿರಾಗದಿದ್ದರೆ ಬೇಸರ ಬೇಡ.

ಬುಡದ ಎಲೆ ಹಳದಿ

ಹೊಸ ಚಿಗುರು ಬರುವ ಕಾಲದಲ್ಲಿ ಬುಡದ ನಾಲ್ಕಾರು ಎಲೆ ಹಣ್ಣಾಗಿ ಉದುರುವುದು ಸಹಜ, ಸುಮ್ನೆ ಬಿಡಿ. ಹಳೆ ಎಲೆಯ ನರಗಳ ನಡುವೆ ಮಾತ್ರ ಹಳದಿ ಹರಡುತ್ತಿದ್ದರೆ ಮೆಗ್ನೀಸಿಯಂ ಕೊರತೆ. ಮಳೆಗೆ ಮಣ್ಣಿನ ಸಾರ ತೊಳೆದುಹೋಗುವ ಮಲೆನಾಡು, ಕರಾವಳಿಯಲ್ಲಿ ಇದನ್ನು ಮರೆಯಬೇಡಿ. ಲೀಟರ್ ನೀರಿಗೆ 5 ಗ್ರಾಂ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಹಾಕಿ ಸಿಂಪಡಿಸಿದರೆ ಸಾಕು. ಹಳೆ ಎಲೆ ನರ ಸಮೇತ ಪೂರ್ತಿ ಹಳದಿಯಾಗಿ, ಗಿಡ ಬೆಳೆಯುವುದೇ ನಿಂತಿದ್ದರೆ ಸಾರಜನಕ ಬೇಕು. ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಕೊಡಿ.

ಮಣ್ಣು ಒದ್ದೆ, ಗಿಡ ಸೊರಗಿದೆ

ಬಾಡಿದೆಯೆಂದು ಮತ್ತೆ ನೀರು ಹಾಕುವ ಮೊದಲು ಬೆರಳನ್ನು ಮಣ್ಣಿನೊಳಗೆ ಇಳಿಸಿ. ಒಳಗೆ ಹಸಿಯಿದ್ದರೆ ಕುಂಡ ಬಗ್ಗಿಸಿ ಗಿಡವನ್ನು ಮಣ್ಣಿನ ಸಮೇತ ಜಾರಿಸಿಕೊಂಡು ಬೇರು ನೋಡಿ. ಒಳ್ಳೆ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು ಬಣ್ಣ; ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ದಾರದಂಥ ಎಳೆ ಉಳಿಯುತ್ತದೆ, ಕೆಟ್ಟ ವಾಸನೆ ಬೇರೆ. ಅಷ್ಟನ್ನೂ ಕತ್ತರಿಸಿ ತೆಗೆದು, ಕೆಂಪು ಮಣ್ಣು, ಕೊಕೊಪೀಟ್, ಎಲೆಗೊಬ್ಬರ, ಒಂದಿಷ್ಟು ಮರಳು ಸೇರಿಸಿ ಹೊಸದಾಗಿ ನೆಡಿ. ಚಿಗುರುವವರೆಗೆ ಗೊಬ್ಬರ ಬೇಡ.

ಅಂಟು, ಕಪ್ಪು ಮಸಿ, ತೂತು

ಎಲೆ ಮೇಲೆ ಮಸಿ ಬಳಿದಂತಿದ್ದರೆ ಎಲೆಯ ಹಿಂಭಾಗ ತಿರುಗಿಸಿ. ಬಿಳಿನೊಣ, ಹಿಟ್ಟು ತಿಗಣೆ, ಸಸ್ಯಹೇನು ಇವುಗಳಲ್ಲಿ ಒಂದು ಕೂತಿರುತ್ತದೆ. ಅವು ಬಿಡುವ ಸಿಹಿ ಅಂಟಿನ ಮೇಲೆ ಬೆಳೆಯುವ ಬೂಷ್ಟು ಅದು. ಇರುವೆ ಸಾಲು ಕಂಡರೂ ಇದೇ ಸುಳಿವು. ಜೋರಾಗಿ ನೀರು ಹಾಯಿಸಿ ತೊಳೆದು, ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಎಲೆಯ ಅಡಿಗೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಿ. ಎಲೆ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ ತುಂಬಿದ್ದರೆ ಬಿಳಿ ಹಾಳೆ ಹಿಡಿದು ಎಲೆ ಕೊಡವಿ. ಬಿದ್ದ ಧೂಳಿನ ಕಣ ಹರಿದಾಡಿದರೆ ಅದು ನುಸಿ. ಅದಕ್ಕೂ ಇದೇ ಉಪಚಾರ.

ಒಂದೇ ರಾತ್ರಿಯಲ್ಲಿ ಕೊಂಬೆ ಬೋಳಾಗಿದ್ದರೆ ಬಾಲದಲ್ಲಿ ಸಣ್ಣ ಕೊಂಬಿರುವ ಹಸಿರು ಹುಳ ಹುಡುಕಿ. ಕಾಫಿ ಗಿಡದ ಎಲೆಯನ್ನೂ ತಿನ್ನುವ ಪತಂಗದ ಮರಿ ಅದು. ಎಲೆಯ ಬಣ್ಣವೇ ಇರುವುದರಿಂದ ಬೇಗ ಕಾಣುವುದಿಲ್ಲ. ಕೆಳಗೆ ಬಿದ್ದ ಹಿಕ್ಕೆ ನೋಡಿ, ಅದರ ನೇರ ಮೇಲಿನ ಕೊಂಬೆಯಲ್ಲಿ ಹುಡುಕಿದರೆ ಸಿಗುತ್ತದೆ. ಕೈಯಲ್ಲೇ ಆರಿಸಿ ತೆಗೆಯಿರಿ, ಔಷಧಿ ಬೇಕಿಲ್ಲ.